ಕೊನೆಯಲ್ಲಿ ನಡೆಯುವವರು

ಬಯಲುನಾಡಿನವರಾದ ನಮಗೆ ಬೆಟ್ಟ ಹತ್ತುವುದು ಹೊಟ್ಟೆಪಾಡಿನ ಕೆಲಸವಲ್ಲ. ಕೂಡ್ಲಿಗಿಯಿಂದ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಯವರೆಗೆ ಎತ್ತ ನೋಡಿದರೂ ಜೋಳ, ಮೆಕ್ಕೆಜೋಳ, ಶೇಂಗಾ ಬೆಳೆಯುವ ನೆಲ. ಗುಡೇಕೋಟೆ, ಜರಿಮಲೆಯ ಕಡೆ ಕರಡಿಗಳು ಮನೆಮಾಡಿಕೊಂಡ ಬಂಡೆಗುಡ್ಡಗಳಿವೆ. ಹರಪನಹಳ್ಳಿಯ ದಕ್ಷಿಣಕ್ಕೆ ಉಚ್ಚಂಗಿದುರ್ಗ ಎದ್ದು ನಿಂತಿದೆ. ಆದರೂ ಮಲೆಸೀಮೆಯವರಂತೆ ನೀರಿಗೆ, ಸೌದೆಗೆ, ಶಾಲೆಗೆ ದಿನವೂ ಏರಿಳಿಯುವ ಪಾಡು ನಮ್ಮದಲ್ಲ. ನಮ್ಮ ಪಾಲಿಗೆ ಏರು ಯಾವಾಗಲೂ ನಾವಾಗಿಯೇ ಆರಿಸಿಕೊಂಡ ಕಷ್ಟ. ಸಮನೆಲದಲ್ಲಿ ಸುಖವಾಗಿ ನಡೆಯಬಲ್ಲ ಮನುಷ್ಯ ಯಾಕೆ ಏರನ್ನು ಹುಡುಕಿಕೊಂಡು ಹೋಗುತ್ತಾನೆ? ಹೋಗುವಾಗ ಯಾಕೆ ನಾಲ್ಕು ಜನರನ್ನು ಕೂಡಿಸಿಕೊಂಡು ಹೋಗುತ್ತಾನೆ?

ಈಗೀಗ ಈ ಆರಿಸಿಕೊಂಡ ಕಷ್ಟಕ್ಕೆ ಪಾಸ್‌ಪೋರ್ಟೂ ಸೇರಿಕೊಂಡಿದೆ. ನಿವೃತ್ತರಾದ ಗೆಳೆಯರು, ಮಕ್ಕಳ ಮದುವೆ ಮುಗಿಸಿ ನಿಟ್ಟುಸಿರು ಬಿಟ್ಟ ದಂಪತಿಗಳು, ಒಮ್ಮೆಯಾದರೂ ವಿಮಾನ ಹತ್ತಬೇಕೆಂದು ದುಡ್ಡು ಕೂಡಿಟ್ಟ ತಾಯಂದಿರು ತಂಡ ಕಟ್ಟಿಕೊಂಡು ಶ್ರೀಲಂಕಾಕ್ಕೋ, ನೇಪಾಳಕ್ಕೋ, ಟಿಬೆಟ್ಟಿನ ಕೈಲಾಸಕ್ಕೋ ಹೊರಡುತ್ತಾರೆ. ತಿರುಗಿ ಬಂದವರನ್ನು ನಾವು ಕೇಳುವ ಪ್ರಶ್ನೆಗಳೂ ಗೊತ್ತಿರುವಂಥವೇ. ಎಷ್ಟು ಎತ್ತರ? ಎಷ್ಟು ಚಳಿ? ಎಷ್ಟು ಖರ್ಚು? ತುದಿ ಮುಟ್ಟಿದಿರಾ? ಆದರೆ ನಿಮ್ಮ ತಂಡದಲ್ಲಿ ಎಲ್ಲರಿಗಿಂತ ಹಿಂದೆ ನಡೆದವರು ಯಾರು, ಅವರ ಜೊತೆಗೆ ಯಾರಿದ್ದರು ಎಂದು ಯಾರೂ ಕೇಳುವುದಿಲ್ಲ. ಒಂದು ಏರಿನ ನಿಜವಾದ ಕಥೆ ಇರುವುದು ಈ ಕೇಳದ ಪ್ರಶ್ನೆಯಲ್ಲೇ ಎಂದು ವಯಸ್ಸಾದಂತೆ ನನಗೆ ಅನಿಸತೊಡಗಿದೆ.

ಜೊತೆಗಾರರ ಪ್ರಶ್ನೆ ಹೊಸದೇನೂ ಅಲ್ಲ. ಇಟಲಿಯ ಕವಿ ಪೆಟ್ರಾರ್ಕ್ 1336ರ ಏಪ್ರಿಲ್ 26ರಂದು ದಕ್ಷಿಣ ಫ್ರಾನ್ಸಿನ ವೆಂಟೂ ಬೆಟ್ಟವನ್ನು ಹತ್ತಿದ್ದಾಗಿ ಒಂದು ಪತ್ರದಲ್ಲಿ ಬರೆದಿದ್ದಾನೆ. ನೋಡುವ ಆಸೆಯೊಂದಕ್ಕೇ ಬೆಟ್ಟ ಹತ್ತಿದ ಮೊದಲಿಗರಲ್ಲಿ ಒಬ್ಬನೆಂದು ಲೋಕ ಅವನನ್ನು ನೆನೆಯುತ್ತದೆ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಪತ್ರದ ಇನ್ನೊಂದು ಭಾಗ. ಯಾರನ್ನು ಕರೆದುಕೊಂಡು ಹೋಗಲಿ ಎಂದು ಅವನು ಗೆಳೆಯರನ್ನೆಲ್ಲ ಒಬ್ಬೊಬ್ಬರಾಗಿ ತೂಗಿ ನೋಡುತ್ತಾನೆ. ಒಬ್ಬ ತೀರ ನಿಧಾನಿ, ಇನ್ನೊಬ್ಬ ತೀರ ಚುರುಕು. ಒಬ್ಬ ಸಪ್ಪೆಮೋರೆಯವನು, ಇನ್ನೊಬ್ಬನದು ಅತಿಯಾದ ಉಲ್ಲಾಸ. ಮನೆಯಲ್ಲಿ ಸಹಿಸಿಕೊಳ್ಳಬಹುದಾದ ಗುಣಗಳೇ ದಾರಿಯಲ್ಲಿ ಭಾರವಾಗುತ್ತವೆ ಎಂಬುದು ಅವನ ಅಂಜಿಕೆ. ಕೊನೆಗೆ ತಮ್ಮನನ್ನೇ ಕರೆದುಕೊಂಡು ಹೋಗುತ್ತಾನೆ. ಅಲ್ಲಾದರೂ ತಮ್ಮ ಕಡಿದಾದ ನೇರ ದಾರಿ ಹಿಡಿದರೆ, ಅಣ್ಣ ಸುಲಭದ ದಾರಿ ಹುಡುಕುತ್ತ ತಗ್ಗಿನಲ್ಲೇ ಸುತ್ತಿ ಸುತ್ತಿ ಬಸವಳಿಯುತ್ತಾನೆ. ಒಂದೇ ಮನೆಯಲ್ಲಿ ಬೆಳೆದ ಇಬ್ಬರ ನಡಿಗೆಯೇ ಒಂದಾಗದಿದ್ದರೆ, ಪ್ರವಾಸದ ಏಜೆಂಟರ ಕಚೇರಿಯಲ್ಲಿ ಮೊದಲ ಸಲ ಮುಖ ನೋಡಿಕೊಂಡ ಇಪ್ಪತ್ತು ಮೂವತ್ತು ಜನರ ನಡಿಗೆ ಹೇಗೆ ಒಂದಾದೀತು?

ಒಂದಾಗುವುದಿಲ್ಲ. ಅದೇ ಬೆಟ್ಟದ ಮೊದಲ ಪಾಠ. ಊರಿನಲ್ಲಿ ನಮ್ಮ ನಮ್ಮ ಶಕ್ತಿಯ ಅಂತರ ಕಾಣದಂತೆ ಬದುಕಲು ಸಾಧ್ಯ. ಬಸ್ಸು ಎಲ್ಲರನ್ನೂ ಒಂದೇ ವೇಗದಲ್ಲಿ ಒಯ್ಯುತ್ತದೆ. ಕುರ್ಚಿ ಎಲ್ಲರನ್ನೂ ಒಂದೇ ಎತ್ತರದಲ್ಲಿ ಕೂರಿಸುತ್ತದೆ. ಹುದ್ದೆ, ಆಸ್ತಿ, ಮನೆತನ ನಮ್ಮ ಉಬ್ಬಸವನ್ನು ಮುಚ್ಚಿಡುತ್ತವೆ. ಏರು ಶುರುವಾದ ಅರ್ಧ ತಾಸಿನಲ್ಲಿ ಈ ಹೊದಿಕೆಗಳೆಲ್ಲ ಜಾರುತ್ತವೆ. ಅದೂ ಪರದೇಶದಲ್ಲಿ! ಅಲ್ಲಿ ನಮ್ಮನ್ನು ಗೌಡ್ರೇ, ಸಾಹುಕಾರ್ರೇ, ಸರ್ ಎನ್ನುವವರಿಲ್ಲ. ನಮ್ಮ ಮಾತೂ ಅಲ್ಲಿ ನಡೆಯುವುದಿಲ್ಲ. ಉಳಿಯುವುದು ಮೊಣಕಾಲು, ಉಸಿರು ಮತ್ತು ಪಕ್ಕದಲ್ಲಿರುವ ಮನುಷ್ಯ. ಇಷ್ಟು ಬರಿದಾಗಿ ನಾವು ಒಬ್ಬರಿಗೊಬ್ಬರು ಎದುರಾಗುವುದು ಬೇರೆಲ್ಲಿ?

ಶ್ರೀಲಂಕಾದ ಶ್ರೀಪಾದ ಬೆಟ್ಟದಲ್ಲಿ ಇದನ್ನು ಹತ್ತಿರದಿಂದ ಕಂಡೆ. 2,243 ಮೀಟರ್ ಎತ್ತರದ ಆ ಬೆಟ್ಟಕ್ಕೆ ಡಿಸೆಂಬರ್ ಹುಣ್ಣಿಮೆಯಿಂದ ಮೇ ತಿಂಗಳ ವೈಶಾಖ ಹುಣ್ಣಿಮೆಯವರೆಗೆ ಯಾತ್ರೆಯ ಕಾಲ. ತುದಿಯಲ್ಲಿರುವ ಹೆಜ್ಜೆಗುರುತು ಬೌದ್ಧರಿಗೆ ಬುದ್ಧನದು, ಹಿಂದೂಗಳಿಗೆ ಶಿವನದು, ಮುಸಲ್ಮಾನರಿಗೆ ಆದಮನದು. ಕ್ರೈಸ್ತರಲ್ಲೂ ಅದನ್ನು ತಮ್ಮದೆನ್ನುವವರಿದ್ದಾರೆ. ಸೂರ್ಯೋದಯ ಕಾಣಲೆಂದು ಜನ ರಾತ್ರಿಯೇ ಏರತೊಡಗುತ್ತಾರೆ. ಸಾವಿರಾರು ಮೆಟ್ಟಿಲು, ದಾರಿಯುದ್ದಕ್ಕೂ ವಿದ್ಯುದ್ದೀಪ, ಅಲ್ಲಲ್ಲಿ ಚಹದಂಗಡಿ.

ನಡು ಏರಿನಲ್ಲಿ ನಮ್ಮ ತಂಡದ ಹಿರಿಯ ಮೇಷ್ಟ್ರೊಬ್ಬರು ಶೂವಿನ ಲೇಸು ಸರಿಮಾಡಿಕೊಳ್ಳಲು ನಿಂತರು. ಮುಂದಿನ ತಿರುವಿನಲ್ಲಿ ಕನ್ನಡಕ ಒರೆಸಲು ನಿಂತರು. ಇನ್ನೂ ಸ್ವಲ್ಪ ಮೇಲೆ ಕಂಬಿ ಹಿಡಿದು, ಕೆಳಗಿನ ದೀಪಗಳ ಸಾಲನ್ನು ತೋರಿಸಿ, "ಎಷ್ಟು ಚೆಂದ ಕಾಣ್ತೈತೆ ನೋಡ್ರಿ" ಎಂದರು. ಲೇಸು ಬಿಚ್ಚಿರಲಿಲ್ಲ, ಕನ್ನಡಕ ಮಸುಕಾಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಉಸಿರು. ಕೊನೆಗೆ ಮೆಟ್ಟಿಲ ಬದಿಯಲ್ಲಿ ಕೂತು, ನಾವೆಲ್ಲ ಎಂದಾದರೊಮ್ಮೆ ಆಡಿದ ಆ ಮಾತನ್ನೇ ಆಡಿದರು: "ನೀವು ನಡೀರಿ, ನಾನು ಹಿಂದೆ ಬರ್ತೀನಿ."

ನಾವು ನಡೆದೆವು. ಅವರೇ ಹೇಳಿದ್ದಾರಲ್ಲ! ಕೇಳಿದವರಿಗೆ ಇದು ಎಷ್ಟು ಅನುಕೂಲದ ಮಾತು. ಹೇಳಿದವರದ್ದು ದೊಡ್ಡ ಮನಸ್ಸು ಎನಿಸುತ್ತದೆ, ಕೇಳಿದವರ ಹೊಣೆ ಅಲ್ಲಿಗೇ ಹರಿದುಹೋಗುತ್ತದೆ. ಮೇಷ್ಟ್ರ ಬಾಯಿಗೆ ಬರಬೇಕಾಗಿದ್ದದ್ದು "ಸ್ವಲ್ಪ ತಡೀರಿ" ಎಂಬ ಮಾತು. ಜೀವಮಾನವಿಡೀ ತರಗತಿಯ ಮುಂದೆ ನಿಂತು ಮಾತಾಡಿದವರಿಗೆ ಆ ಎರಡು ಮಾತು ಯಾಕೆ ಅಷ್ಟು ಕಷ್ಟವಾಯಿತು? ಅದನ್ನು ಹೇಳಲಾಗದಂತೆ ಅವರನ್ನು ಕಟ್ಟಿಹಾಕಿದ್ದು ಅವರ ಸಂಕೋಚವೊಂದೇ ಏನು? ಗಡಿಯಾರ ನೋಡಿಕೊಳ್ಳುತ್ತಿದ್ದ ನಮ್ಮ ಮುಖಗಳಿಗೂ ಅದರಲ್ಲಿ ಪಾಲಿರಲಿಲ್ಲವೇ?

ಅದೇ ತಿರುವಿನಿಂದ ತುಸು ಮೇಲೆ ಸಿಂಹಳದ ಕುಟುಂಬವೊಂದು ಕೂತಿತ್ತು. ಬಿಳಿ ಸೀರೆಯ ಅಜ್ಜಿ ನಡುವೆ, ಮಕ್ಕಳು ಮೊಮ್ಮಕ್ಕಳು ಸುತ್ತ. ಒಬ್ಬಾಕೆ ಗಂಟು ಬಿಚ್ಚಿ ತಿನ್ನಲು ಹಂಚುತ್ತಿದ್ದಳು, ಒಬ್ಬ ಹುಡುಗ ಅಜ್ಜಿಯ ಪಾದ ನೀವುತ್ತಿದ್ದ. ಯಾರ ಮುಖದಲ್ಲೂ ತಡವಾಯಿತೆಂಬ ಗೆರೆ ಇರಲಿಲ್ಲ. ಅಲ್ಲಿನ ಹಳೆಯ ಪದ್ಧತಿಯಲ್ಲಿ ಯಾತ್ರೆಯ ತಂಡಕ್ಕೆ, ಹಿಂದೆ ಬೆಟ್ಟ ಹತ್ತಿ ದಾರಿ ಬಲ್ಲ ಒಬ್ಬ ಹಿರಿಯನಿರುತ್ತಾನೆ. ‘ನಡೆ ಗುರಾ’ ಎನ್ನುತ್ತಾರೆ. ಮೊದಲ ಸಲ ಬಂದವರ ಮೇಲೆ ಅವನಿಗೆ ವಿಶೇಷ ನಿಗಾ. ಎದುರುಬದುರಾದ ಯಾತ್ರಿಕರು ‘ಕರುಣಾವೈ’ ಎಂದು ಹಾರೈಸಿ ಸಾಗುತ್ತಾರೆ. ತುದಿಯಲ್ಲಿರುವ ಗಂಟೆಯನ್ನು ಎಷ್ಟು ಸಲ ಬೆಟ್ಟ ಹತ್ತಿದ್ದಾರೋ ಅಷ್ಟು ಸಲ ಬಾರಿಸುವುದು ರೂಢಿ. ಎಷ್ಟು ಹೊತ್ತಿನಲ್ಲಿ ಹತ್ತಿದೆ ಎಂದು ಸಾರಲು ಅಲ್ಲಿ ಗಂಟೆಯಿಲ್ಲ. ಬಂದದ್ದಕ್ಕೆ ಲೆಕ್ಕವುಂಟು, ಬೇಗ ಬಂದದ್ದಕ್ಕೆ ಇಲ್ಲ.

ಇದನ್ನು ಕಲಿಯಲು ಸಮುದ್ರ ದಾಟಬೇಕಾಗಿತ್ತೇ? ಕೊಟ್ಟೂರಿನ ದಾರಿಯನ್ನು ನೆನೆದರೆ ಹಾಗನಿಸುವುದಿಲ್ಲ. ಮಾಘ ಮಾಸದಲ್ಲಿ ಗುರು ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆಯ ಕಡೆಯಿಂದ, ಸುತ್ತಲಿನ ಊರೂರುಗಳಿಂದ ಜನ ನಡೆದು ಬರುತ್ತಾರೆ. ಆ ದಿನಗಳಲ್ಲಿ ರಸ್ತೆಯ ಎರಡೂ ಬದಿ ಪೆಂಡಾಲು. ಮಜ್ಜಿಗೆ, ಉಪ್ಪಿಟ್ಟು, ಮಂಡಕ್ಕಿ, ಬೊಬ್ಬೆಯೆದ್ದ ಪಾದಕ್ಕೆ ಮುಲಾಮು. ಕುಂಟುತ್ತ ಬರುವವರನ್ನು ಕಂಡರೆ ಬಡಿಸುವವರ ದನಿ ಇನ್ನೂ ಮೆತ್ತಗಾಗುತ್ತದೆ: "ಕುಂದ್ರಿ ಯಜಮಾನ್ರೇ, ಅವಸರ ಏನೈತಿ." ಮೊದಲು ಊರು ಮುಟ್ಟಿದವರಿಗೆ ಅಲ್ಲಿ ಹಾರವಿಲ್ಲ, ಕೊನೆಗೆ ಬಂದವರಿಗೆ ನಗೆಯಿಲ್ಲ. ತೇರು ಎಲ್ಲರಿಗೂ ಒಂದೇ. ನಮ್ಮ ನೆಲಕ್ಕೆ ಈ ವಿದ್ಯೆ ಹೊಸತಲ್ಲ. ಶೂ ಹಾಕಿ, ಬೆನ್ನಿಗೆ ಬ್ಯಾಗು ಏರಿಸಿ, ಪ್ರವಾಸಿಗರಾದ ಕೂಡಲೇ ನಾವು ಅದನ್ನು ಮನೆಯಲ್ಲೇ ಬಿಟ್ಟು ಹೊರಡುತ್ತೇವೆ. ಭಕ್ತರಾಗಿ ಬಲ್ಲದ್ದನ್ನು ಪ್ರವಾಸಿಗರಾಗಿ ಯಾಕೆ ಮರೆಯುತ್ತೇವೆ? ಬಹುಶಃ ಕೊಟ್ಟೂರಿಗೆ ಹೋಗುವಾಗ ನಮ್ಮ ಹತ್ತಿರ ಹಾರೈಕೆಯಿರುತ್ತದೆ. ವಿದೇಶಕ್ಕೆ ಹೋಗುವಾಗ ರಸೀದಿಯಿರುತ್ತದೆ. ದುಡ್ಡು ಕೊಟ್ಟು ಕೊಂಡ ನೋಟವನ್ನು ಇನ್ನೊಬ್ಬರ ಮೊಣಕಾಲು ನೋವಿಗಾಗಿ ಕಳೆದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ.

ಹಾಗೆಂದು ಭಕ್ತಿಯ ಗುಂಪೆಲ್ಲ ಒಳ್ಳೆಯದು ಎಂದು ಹೇಳಿ ಮುಗಿಸಿದರೆ ನಾವು ನಮ್ಮನ್ನೇ ಮೋಸಮಾಡಿಕೊಂಡಂತೆ. ಉಚ್ಚಂಗಿದುರ್ಗವನ್ನೇ ನೋಡೋಣ. ಪಾಂಡ್ಯ ಅರಸರು ಆಳಿದ ಗಿರಿದುರ್ಗ ಅದು. ಹೊಯ್ಸಳರ ಇಮ್ಮಡಿ ವೀರಬಲ್ಲಾಳ ಅದನ್ನು ಗೆದ್ದು ‘ಗಿರಿದುರ್ಗಮಲ್ಲ’ ಎಂದು ಬಿರುದು ಹೊತ್ತ. ಗೆಲ್ಲಲೆಂದು ಸೈನ್ಯ ಏರಿದ ಬೆಟ್ಟವನ್ನೇ ಇಂದು ಉಚ್ಚಂಗೆಮ್ಮನ ಮುಂದೆ ಕೈಮುಗಿಯಲೆಂದು ಜನ ಏರುತ್ತಾರೆ. ಗೆದ್ದವನ ಬಿರುದು ಶಾಸನದ ಕಲ್ಲಿನಲ್ಲಿ ಉಳಿಯಿತು. ಬೆಟ್ಟ ಹರಕೆ ಹೊತ್ತವರ ಕಾಲಡಿಯಲ್ಲಿ ಉಳಿಯಿತು. ಇದರಲ್ಲೊಂದು ಸಮಾಧಾನವಿದೆ. ಆದರೆ ಇದೇ ಬೆಟ್ಟಕ್ಕೆ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಬಡವರ ಮನೆಯ ಹೆಣ್ಣುಮಕ್ಕಳನ್ನು ಮುತ್ತು ಕಟ್ಟಿಸಿ ದೇವದಾಸಿಯರನ್ನಾಗಿಸಲು ಕರೆತರುತ್ತಿದ್ದ ಕಾಲವೂ ಇತ್ತು. ಕರ್ನಾಟಕ 1982ರ ಕಾಯ್ದೆಯಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿತು. ಕಾಯ್ದೆ ಬರುವ ಮೊದಲು ಆ ಮಗುವಿನ ಹಿಂದೆ ಮುಂದೆ ಎಷ್ಟು ಜನ ನಡೆದಿದ್ದರು! ತಾಯಿ, ತಂದೆ, ನೆಂಟರು, ವಾದ್ಯದವರು. ಜೊತೆಗೇನೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಒಂದಕ್ಕೇ: ಆ ಮೆಟ್ಟಿಲ ಮೇಲೆ ನಿಂತು "ನಾನು ಒಲ್ಲೆ" ಎನ್ನುವ ಬಿಡುವು ಆ ಮಗುವಿಗಿರಲಿಲ್ಲ, ಅಂದಿದ್ದರೂ ನಿಲ್ಲುವ ಕಾಲುಗಳು ಅಲ್ಲಿರಲಿಲ್ಲ.

ಆದ್ದರಿಂದ ಒಂದು ಗುಂಪು ಎಷ್ಟು ದೊಡ್ಡದು, ಎಷ್ಟು ಭಕ್ತಿಯದು, ಎಷ್ಟು ಉತ್ಸಾಹದ್ದು ಎಂಬುದರಿಂದ ಅದರ ಬೆಲೆ ತಿಳಿಯುವುದಿಲ್ಲ. ಅದರಲ್ಲಿ ಎಲ್ಲರಿಗಿಂತ ಬಲವಿಲ್ಲದವರು ಅಳುಕಿಲ್ಲದೆ "ತಡೀರಿ" ಎನ್ನಬಲ್ಲರೇ, ಅಂದರೆ ಉಳಿದವರು ನಿಲ್ಲುತ್ತಾರೆಯೇ ಎಂಬುದೊಂದೇ ಪರೀಕ್ಷೆ. ಮೆಟ್ಟಿಲ ಮೇಲೆ ದಣಿದು ಕೂತ ಮೇಷ್ಟ್ರಿಗೂ, ಅದೇ ಬಗೆಯ ಮೆಟ್ಟಿಲ ಮೇಲೆ ಬಾಯಿ ಕಟ್ಟಿಹೋದ ಆ ಹೆಣ್ಣುಮಗುವಿಗೂ ಕಷ್ಟದ ಅಳತೆ ಒಂದೇ ಅಲ್ಲ. ಒಂದು ಗಳಿಗೆಯ ಮುಜುಗರ, ಇನ್ನೊಂದು ಇಡೀ ಬಾಳಿನ ಅನ್ಯಾಯ. ಆದರೆ ಎರಡೂ ಕಡೆ ಗುಂಪಿನ ಕಿವಿ ಮುಚ್ಚಿದ ಬಗೆ ಒಂದೇ.

ತುದಿಯ ಹಂಬಲ ಈ ಕಿವಿಯನ್ನು ಎಷ್ಟರಮಟ್ಟಿಗೆ ಮುಚ್ಚಬಲ್ಲದು ಎಂಬುದಕ್ಕೆ ಎವರೆಸ್ಟ್ ಒಂದು ಸಾಕ್ಷಿ ಕೊಟ್ಟಿದೆ. 2006ರ ಮೇ ತಿಂಗಳ ಮಧ್ಯದಲ್ಲಿ ಡೇವಿಡ್ ಶಾರ್ಪ್ ಎಂಬ ಇಂಗ್ಲಿಷ್ ಆರೋಹಿ ಅದರ ಈಶಾನ್ಯದ ಏಣಿನ ಮೇಲೆ, ಕಲ್ಲಿನ ಗವಿಯೊಂದರಲ್ಲಿ ಕುಸಿದು ಕೂತಿದ್ದ. ಅಂದು ಆ ದಾರಿಯಲ್ಲಿ ಸುಮಾರು 40 ಜನ ಹಾದುಹೋದರೆಂದು ವರದಿಯಾಯಿತು. ಕೆಲವರಿಗೆ ಅವನು ಕಾಣಲಿಲ್ಲ, ಕೆಲವರು ಸತ್ತಿದ್ದಾನೆಂದುಕೊಂಡರು, ಇನ್ನು ಕೆಲವರು ಉಳಿಸಲಾಗದೆಂದು ಕೈಚೆಲ್ಲಿದರು. ಅವನು ಅಲ್ಲೇ ಸತ್ತ. ಮನುಷ್ಯನ ಜೀವಕ್ಕಿಂತ ಶಿಖರ ದೊಡ್ಡದಾಯಿತೇ ಎಂದು, ಎವರೆಸ್ಟನ್ನು ಮೊದಲು ಮುಟ್ಟಿದ ಇಬ್ಬರಲ್ಲಿ ಒಬ್ಬರಾದ ಮುದುಕ ಎಡ್ಮಂಡ್ ಹಿಲರಿ ಸಿಡಿದೆದ್ದರು. ಅದೇ ತಿಂಗಳು 26ರ ಬೆಳಿಗ್ಗೆ, ಅದೇ ದಾರಿಯಲ್ಲಿ, ಸತ್ತನೆಂದು ಹಿಂದಿನ ಸಂಜೆ ಬಿಟ್ಟುಬಂದಿದ್ದ ಆಸ್ಟ್ರೇಲಿಯಾದ ಲಿಂಕನ್ ಹಾಲ್ ಎಂಬಾತ ಎದ್ದು ಕೂತಿದ್ದ. ಶಿಖರಕ್ಕೆ ಹೊರಟಿದ್ದ ಡ್ಯಾನ್ ಮಜೂರ್ ಮತ್ತು ಅವನ ಮೂವರು ಸಂಗಡಿಗರು ಅವನನ್ನು ಕಂಡರು. ಶಿಖರ ಇನ್ನು ಕೆಲವೇ ತಾಸಿನ ದೂರ, ಆಕಾಶ ಶುಭ್ರ. ನಾಲ್ವರೂ ನಿಂತರು. ಕುಡಿಯಲು ಕೊಟ್ಟು, ಆಮ್ಲಜನಕ ಕೊಟ್ಟು, ಕೆಳಗಿನಿಂದ ನೆರವು ಬರುವವರೆಗೆ ಕಾದರು. ಶಿಖರ ತಪ್ಪಿತು, ಹಾಲ್ ಬದುಕಿದ.

ಒಂದೇ ಬೆಟ್ಟ, ಒಂದೇ ತಿಂಗಳು, ಒಂದೇ ದಾರಿ. ತುದಿ ಮುಟ್ಟಿದವರ ಪಟ್ಟಿಯಲ್ಲಿ ಆ ದಿನ ಈ ನಾಲ್ವರ ಹೆಸರಿಲ್ಲ. ಆದರೂ ಎವರೆಸ್ಟನ್ನು ಅಂದು ನಿಜವಾಗಿ ಏರಿದವರು ಯಾರು ಎಂದು ನಮ್ಮ ಮನಸ್ಸನ್ನೇ ಕೇಳಿದರೆ ಅದು ಯಾರ ಕಡೆ ಬೊಟ್ಟು ಮಾಡೀತು?

ಮೊದಲಿಗನಾಗುವ ಆಸೆಗೂ ಇಂಥದೇ ಎರಡು ಮುಖ. ಯುರೋಪಿನ ಮೌಂಟ್ ಬ್ಲಾಂಕನ್ನು 1786ರ ಆಗಸ್ಟ್ 8ರಂದು ಬಾಲ್ಮಾ ಎಂಬ ಹಳ್ಳಿಗನೂ ಪಕ್ಕಾರ್ ಎಂಬ ವೈದ್ಯನೂ ಕೂಡಿಯೇ ಹತ್ತಿದರು. ಇಳಿದ ಮೇಲೆ ಹೆಗ್ಗಳಿಕೆ ಯಾರದೆಂಬ ಜಗಳ ಹತ್ತಿಕೊಂಡಿತು. ಶಮೋನಿ ಪಟ್ಟಣದಲ್ಲಿ 1887ರಲ್ಲಿ ನಿಂತ ಸ್ಮಾರಕದಲ್ಲಿ ಪಕ್ಕಾರ್‌ಗೆ ಜಾಗವೇ ಸಿಗಲಿಲ್ಲ. ಅವನ ಪ್ರತಿಮೆ ಏಳಲು 1986 ಬರಬೇಕಾಯಿತು. ಜೊತೆಯಲ್ಲಿ ಏರಲು ಎರಡು ದಿನ ಸಾಕಾಯಿತು, ಅದನ್ನು ಒಪ್ಪಿಕೊಳ್ಳಲು 200 ವರ್ಷ ಹಿಡಿಯಿತು. ಇದಕ್ಕೆ ಎದುರಾಗಿ 1953ರ ಮೇ 29ನ್ನು ಇಟ್ಟು ನೋಡೋಣ. ಎವರೆಸ್ಟಿನ ಮೇಲೆ ಮೊದಲ ಕಾಲಿಟ್ಟವರು ಯಾರೆಂದು ಲೋಕವೆಲ್ಲ ಪೀಡಿಸಿದರೂ, ತೇನ್‌ಸಿಂಗ್ ಮತ್ತು ಹಿಲರಿ ತಾವಿಬ್ಬರೂ ಕೂಡಿಯೇ ಮುಟ್ಟಿದೆವೆಂಬ ಮಾತಿಗೆ ಅಂಟಿಕೊಂಡರು. ಹಿಲರಿಯೇ ಮುಂದಿದ್ದರೆಂದು ತೇನ್‌ಸಿಂಗರೇ ಮುಂದೆ ತಮ್ಮ ಆತ್ಮಕಥೆಯಲ್ಲಿ ಹೇಳಿದರು. ಅದಕ್ಕೂ ಮೊದಲು, ಕೆಳಗಿನ ಹಿಮಪ್ರಪಾತದಲ್ಲಿ ಹಿಲರಿ ಬಿರುಕಿಗೆ ಜಾರಿದಾಗ ಹಗ್ಗ ಬಿಗಿಹಿಡಿದು ಉಳಿಸಿದವರು ತೇನ್‌ಸಿಂಗ್. ಒಂದೇ ಹಗ್ಗಕ್ಕೆ ಕಟ್ಟಿಕೊಂಡವರಿಗೆ ಯಾರು ಒಂದು ಹೆಜ್ಜೆ ಮುಂದೆ ಎಂಬ ಪ್ರಶ್ನೆ ಎಷ್ಟು ಸಣ್ಣದೆಂದು ಗೊತ್ತಿರುತ್ತದೆ.

ಹಡಗಲಿ ಸೀಮೆಯ ಮೈಲಾರದಲ್ಲಿ ಕಾರಣಿಕ ಕೇಳಿದವರಿಗೂ ಇದು ಗೊತ್ತು. ಲಕ್ಷಗಟ್ಟಲೆ ಜನರ ನಡುವೆ ಗೊರವಯ್ಯ ಬಿಲ್ಲನ್ನೇರುತ್ತಾನೆ. ಮೇಲೇರಿದವನು ಅವನೊಬ್ಬನೇ, ಲೋಕ ಕೇಳುವುದೂ ಅವನ ಮಾತನ್ನೇ. ಆದರೆ ಬಿಲ್ಲನ್ನು ಹಿಡಿದು ನಿಂತ ಕೈಗಳು ಕೆಳಗಿವೆ. ನುಡಿ ಮುಗಿದೊಡನೆ ಅವನು ಮೇಲಿನಿಂದ ಬಿಡುತ್ತಾನೆ; ಅವನನ್ನು ನೆಲಕ್ಕೆ ತಾಕಗೊಡದೆ ಹಿಡಿಯುವ ಕೈಗಳೂ ಕೆಳಗೇ ಇವೆ. ಎತ್ತರಕ್ಕೆ ಹೋದ ಯಾರ ಕಥೆಯಲ್ಲಿ ತಾನೇ ಹೀಗೆ ಹಿಡಿದು ನಿಂತವರಿಲ್ಲ? ಹಿಮಾಲಯದ ಶೆರ್ಪಾಗಳನ್ನೂ, ಕುದುರೆಯ ಲಗಾಮು ಹಿಡಿದ ಟಿಬೆಟ್ಟಿನ ಹುಡುಗರನ್ನೂ, ರಾತ್ರಿಯಿಡೀ ಚಹ ಕಾಸುವ ಶ್ರೀಪಾದದ ಅಂಗಡಿಯವರನ್ನೂ ನಮ್ಮ ಫೋಟೋಗಳು ಎಷ್ಟು ಸಲ ನೆನೆದಿವೆ?

ಹೊರಗಿನ ಬೆಟ್ಟ ಬಿಟ್ಟು ಒಳಗಿನ ಬದುಕಿಗೆ ಬರೋಣ. "ನೀವು ನಡೀರಿ, ನಾನು ಹಿಂದೆ ಬರ್ತೀನಿ" ಎಂಬ ಮಾತು ಏರಿನಲ್ಲಿ ಮಾತ್ರ ಕೇಳುವಂಥದ್ದೇನು? ಮಳೆ ಕೈಕೊಟ್ಟ ವರ್ಷ ಸಾಲದ ಲೆಕ್ಕವನ್ನು ಹೆಂಡತಿಗೂ ಹೇಳದೆ ಎದೆಯಲ್ಲಿಟ್ಟುಕೊಂಡು ಸಂತೆಯಲ್ಲಿ ನಗುತ್ತ ಮಾತಾಡಿಸುವ ರೈತ ಹೇಳುವುದೂ ಅದನ್ನೇ. ಎದೆನೋವನ್ನು ಗ್ಯಾಸ್ಟ್ರಿಕ್ ಎಂದು ಹೇಳಿ, ಮಗ ಕೆಲಸಕ್ಕೆ ಹೊರಡುವವರೆಗೆ ತಡೆದುಕೊಂಡು ನಿಲ್ಲುವ ತಾಯಿ ಹೇಳುವುದೂ ಅದನ್ನೇ. ಲೆಕ್ಕ ತಿಳಿಯದಿದ್ದರೂ ತಿಳಿಯಿತೆಂದು ತಲೆಯಾಡಿಸಿ ಕೊನೆಯ ಬೆಂಚಿನಲ್ಲಿ ಕೂರುವ ಹುಡುಗ ಹೇಳುವುದೂ ಅದನ್ನೇ. ಎಲ್ಲರೂ ಉಸಿರು ಕಟ್ಟಿದವರು. ಎಲ್ಲರ ಕೈಯಲ್ಲೂ ಒಂದು ಬಿಚ್ಚದ ಲೇಸು. ನಾವೂ ಮೇಷ್ಟ್ರನ್ನು ಬಿಟ್ಟು ನಡೆದ ಹಾಗೆಯೇ ಅವರ ಮಾತನ್ನು ನಂಬಿದಂತೆ ಮಾಡಿ ಮುಂದೆ ನಡೆಯುತ್ತೇವೆ. ನೊಗಕ್ಕೆ ಹೂಡಿದ ಎರಡೆತ್ತುಗಳಲ್ಲಿ ಮಂದಗತಿಯದು ಯಾವುದೋ ಅದರ ನಡಿಗೆಯೇ ನೇಗಿಲಿನ ನಡಿಗೆ ಎಂಬುದನ್ನು ಹೊಲದಲ್ಲಿ ಬಲ್ಲ ನಾವು, ಮನೆಯಲ್ಲಿ, ಊರಿನಲ್ಲಿ, ನಾಡಿನಲ್ಲಿ ಮಾತ್ರ ಮುಂದಿರುವವರ ವೇಗವೇ ಎಲ್ಲರ ವೇಗವೆಂದು ಯಾಕೆ ಭಾವಿಸುತ್ತೇವೆ?

ಇನ್ನು ಕೈಲಾಸದ ಮಾತು. ನಮ್ಮ ಸೀಮೆಯ ಮನಸ್ಸಿಗೆ ಅದಕ್ಕಿಂತ ದೊಡ್ಡ ಬೆಟ್ಟ ಇನ್ನೊಂದಿಲ್ಲ. 2020ರಿಂದ ನಿಂತಿದ್ದ ಸರ್ಕಾರಿ ಯಾತ್ರೆ 2025ರಲ್ಲಿ ಮತ್ತೆ ಶುರುವಾಯಿತು. ಲಿಪುಲೇಖ್ ಮತ್ತು ನಾಥು ಲಾ ದಾರಿಗಳಲ್ಲಿ 50 ಜನರ ತಂಡಗಳು. ಹೊರಡುವ ಮುನ್ನವೂ, ದಾರಿಯಲ್ಲೂ ವೈದ್ಯರು ಪರೀಕ್ಷಿಸುತ್ತಾರೆ. ವರ್ಷಗಟ್ಟಲೆ ಕನಸು ಕಂಡವರನ್ನೂ ರಕ್ತದೊತ್ತಡದ ಒಂದು ಅಂಕಿ ಅರ್ಧದಾರಿಯಿಂದ ಹಿಂದಕ್ಕೆ ಕಳಿಸಬಹುದು. ಅಲ್ಲಿ ಪರಿಕ್ರಮೆಯ ದಾರಿ ಸುಮಾರು 52 ಕಿಲೋಮೀಟರ್; ನಡುವೆ 5,630 ಮೀಟರ್ ಎತ್ತರದ ಡೋಲ್ಮಾ ಕಣಿವೆಯನ್ನು ದಾಟಬೇಕು. ದಿರಾಪುಕ್ ತಾಣದಲ್ಲಿ ರಾತ್ರಿ ಕಳೆದು, ಉತ್ತರದ ಮುಖವನ್ನು ಕಣ್ತುಂಬ ನೋಡಿ, ಮುಂದಿನ ಏರು ತಮ್ಮಿಂದಾಗದೆಂದು ಅಲ್ಲಿಂದಲೇ ತಿರುಗುವವರಿದ್ದಾರೆ. ಅವರ ಯಾತ್ರೆ ಅರ್ಧವೇ?

ಇದಕ್ಕೆ ಉತ್ತರ ಬೆಟ್ಟವೇ ಕೊಟ್ಟಿದೆ. ಕೈಲಾಸದ ಶಿಖರವನ್ನು ಯಾರೂ ಏರಿಲ್ಲ. ಅದಕ್ಕಿಂತ ಎಷ್ಟೋ ಎತ್ತರದ ಶಿಖರಗಳನ್ನು ಮನುಷ್ಯ ತುಳಿದಿದ್ದಾನೆ; ಇದನ್ನು ಮಾತ್ರ ಬೌದ್ಧ, ಹಿಂದೂ, ಜೈನ, ಬೊನ್ ಮತಗಳವರೆಲ್ಲ ಸುತ್ತಿ ಬರುತ್ತಾರೆ. ಏರುವ ಬೆಟ್ಟಕ್ಕೆ ಒಂದು ತುದಿ, ಅಲ್ಲಿ ನಿಲ್ಲಲು ಕೆಲವರಿಗಷ್ಟೇ ಜಾಗ. ಸುತ್ತುವ ಬೆಟ್ಟಕ್ಕೆ ಎಲ್ಲ ಕಡೆಯೂ ಎದುರು. ಹಿಂದೆ ಬಿದ್ದವರು ನಿಂತ ಜಾಗದಿಂದಲೂ ಅದು ಇಡಿಯಾಗಿಯೇ ಕಾಣುತ್ತದೆ. ನಮ್ಮ ಹಿರಿಯರು ಪರಮಪದವೆಂದು ಭಾವಿಸಿದ ಬೆಟ್ಟವೇ ಯಾರ ಕಾಲಿಗೂ ಸಿಕ್ಕದ್ದು ಎಂಬುದರಲ್ಲಿ ಏನೋ ಒಂದು ವಿವೇಕವಿಲ್ಲವೇ? ಎಲ್ಲಕ್ಕಿಂತ ದೊಡ್ಡದರ ಮುಂದೆ ಮೊದಲಿಗ, ಕೊನೆಯವನು ಎಂಬ ಲೆಕ್ಕ ನಿಲ್ಲುವುದಿಲ್ಲ ಎಂದು ಅದು ಹೇಳುತ್ತಿಲ್ಲವೇ?

ಬೆಟ್ಟ ಹತ್ತುವುದು ಬೇಡ, ದೂರದ ದೇಶ ನೋಡುವುದು ಬೇಡ ಎಂದು ಇದರ ಅರ್ಥವಲ್ಲ. ಹೋಗೋಣ, ಧಾರಾಳವಾಗಿ ಹೋಗೋಣ. ದೇಹ ಒಪ್ಪುವಷ್ಟು ದಿನ ಏರೋಣ. ಆದರೆ ಹೊರಡುವ ಮುಂಚೆ ಟಿಕೆಟ್ಟು, ಸ್ವೆಟರು, ಮಾತ್ರೆಗಳ ಜೊತೆಗೆ ಎರಡು ಮಾತುಗಳನ್ನೂ ಗಟ್ಟಿಮಾಡಿಕೊಳ್ಳೋಣ. ಒಂದು, ತಂಡದಲ್ಲಿ ಎಲ್ಲರಿಗಿಂತ ಗಟ್ಟಿಗರಾದವರು ಎಲ್ಲರಿಗಿಂತ ಹಿಂದೆ ನಡೆಯಬೇಕು. ಮುಂದೆ ಹೋಗಲು ಶಕ್ತಿಯೊಂದೇ ಸಾಕು. ಹಿಂದೆ ನಡೆಯಲು ಶಕ್ತಿಯ ಜೊತೆ ತಾಳ್ಮೆಯೂ ಬೇಕು. ಇನ್ನೊಂದು, ಯಾರು "ತಡೀರಿ" ಎಂದರೂ ಎಲ್ಲರೂ ನಿಲ್ಲಬೇಕು, ಕಾರಣ ಕೇಳಬಾರದು. ಹೀಗೆ ಹೊರಟ ತಂಡಕ್ಕೆ ಒಂದು ಸೂರ್ಯೋದಯ ತಪ್ಪಬಹುದು. ಮರುದಿನವೂ ಸೂರ್ಯ ಹುಟ್ಟುತ್ತಾನೆ. ಕೈಬಿಟ್ಟ ಸ್ನೇಹ ಅಷ್ಟು ಸುಲಭವಾಗಿ ಮರಳುವುದಿಲ್ಲ.

ಆದರೆ ಕಾಯಲು ಸಿದ್ಧರಿರುವವರಿಗೂ ಯಾರಿಗಾಗಿ ಕಾಯಬೇಕೆಂದು ತಿಳಿಯಬೇಡವೇ? ದಣಿವನ್ನು ಬಚ್ಚಿಟ್ಟವನಿಗಾಗಿ ಯಾರು ನಿಂತಾರು? ಇಲ್ಲಿ ಹೊಣೆ ನಮ್ಮದು, ವಯಸ್ಸಾದವರದು. ಮಕ್ಕಳಿಗೆ ಧೈರ್ಯ ಕಲಿಸಬೇಕೆಂದು ನಾವು ಜೀವನವಿಡೀ ದಣಿಯದವರಂತೆ ನಟಿಸಿದೆವು. ಅವರು ಕಲಿತದ್ದು ಧೈರ್ಯವನ್ನಲ್ಲ, ನಟನೆಯನ್ನು. ಮನೆಯ ಹಿರಿಯರೇ ಉಬ್ಬಸವನ್ನು ಲೇಸಿನ ನೆಪದಲ್ಲಿ ಮುಚ್ಚಿದರೆ, ಪರೀಕ್ಷೆಯಲ್ಲಿ ಸೋತ ಮೊಮ್ಮಗ ತನ್ನ ಸೋಲನ್ನು ಯಾರ ಮುಂದೆ ಬಿಚ್ಚಿಟ್ಟಾನು? ಸೋತ ಕಾಲನ್ನು ಸೋತಿದೆ ಎಂದು ಹೇಳುವುದರಿಂದ ಹಿರಿತನ ಕುಗ್ಗುವುದಿಲ್ಲ. ಹಿಂದೆ ಬರುವವರಿಗೆ ಹಾಗೆ ಹೇಳುವ ದಾರಿ ತೆರೆಯುತ್ತದೆ. ಮುಂದಿನ ಸಲ ಯಾವ ದೇಶದ ಯಾವ ಬೆಟ್ಟದ ಮೆಟ್ಟಿಲಾದರೂ ಆಗಲಿ, ತಂಡದಲ್ಲಿ ಮೊದಲು "ತಡೀರಿ" ಎನ್ನುವವರು ನಾವೇ ಆಗಿರೋಣ.